ಐವತ್ತೊಂಬತ್ತು ಎರಡು, ಒಂದು ಕಡಿಮೆ

ಜೂನ್ ೧೭, ೧೯೪೪
ಗ್ರೌಸ್ ಗುಡ್ಡ, ಮೊಂಟಾನಾ

ಮೇಲೆ ಬಂದು ಮುಟ್ಟಿದೆವು. ಓರ್ವಿಲ್ ತನ್ನ ಹೇಸರಗತ್ತೆಗಳ ಬೆನ್ನಿನಿಂದ ಸಾಮಾನು ಇಳಿಸಿ, ಒಂದು ಲೋಟ ಕಾಫಿ ಕುಡಿದು, ಬಂದ ದಾರಿಯಲ್ಲೇ ಇಳಿದುಹೋದ. ಇನ್ನು ಹದಿನೈದು ದಿನಕ್ಕೊಮ್ಮೆ ಅವನ ಮುಖ. ಉಳಿದಂತೆ ಈ ಗೋಪುರದ ತುದಿಯ ಗಾಜಿನ ಕೋಣೆಯಲ್ಲಿ ನಾನು, ಮತ್ತು ಅರ್ವೋನ ಅಪ್ಪ.

ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ, ಹಾಗಾಗಿ ಅರಣ್ಯ ಇಲಾಖೆಯವರು ಕಾಡುಗಿಚ್ಚಿನ ಕಾವಲಿಗೆ ಹೆಂಗಸರನ್ನೂ ತೆಗೆದುಕೊಳ್ಳುತ್ತಿದ್ದಾರೆ. ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ನಾಲ್ಕೂ ದಿಕ್ಕು ನೋಡುತ್ತಿರಬೇಕು. ಹೊಗೆ ಕಂಡರೆ ಕೋಣೆಯ ನಡುವೆ ಇಟ್ಟಿರುವ ನಕ್ಷೆಯ ತಟ್ಟೆಯ ಮೇಲೆ ದಿಕ್ಕು ಹಿಡಿದು ಕೆಳಗಿನ ಠಾಣೆಗೆ ಫೋನ್ ಮಾಡಬೇಕು. ಠಾಣೆಯಲ್ಲಿ ಫೋನಿನ ಮುಂದೆ ಕೂತಿರುವವರು ಮಿಸೆಸ್ ಗಟ್ರಿ. ಮೊದಲ ಕರೆಯಲ್ಲೇ ನನ್ನ ವಯಸ್ಸು, ತೂಕ, ನಿದ್ದೆ ಎಲ್ಲ ವಿಚಾರಿಸಿಕೊಂಡರು.

ನನ್ನ ಗಂಡ ಅರ್ವೋ ಇಟಲಿಯ ಯುದ್ಧದಲ್ಲಿ ಕಾಣೆಯಾಗಿದ್ದಾನೆಂದು ಫೆಬ್ರವರಿ ಕೊನೆಯಲ್ಲಿ ತಂತಿ ಬಂತು. ಕಾಣೆ ಅಂದರೆ ಕಾಣೆ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅವನ ಅಪ್ಪನಿಗೆ ಕಣ್ಣಿನ ನರ ಒಣಗಿ, ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತದೆ. ಗಣಿಯೂರು ಬ್ಯೂಟ್‌ನ ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ, ಕರೆದುಕೊಂಡು ಬಂದೆ. ಕಾವಲು ಮುಗಿದ ಮೇಲೆ ಅವರನ್ನು ಅವರ ತಮ್ಮನ ಹೆಂಡತಿಯ ಮನೆಗೆ ಸೇರಿಸಿ ನಾನು ಸಿಯಾಟಲ್‌ಗೆ, ಅಕ್ಕನ ಹತ್ತಿರ. ವಿಮಾನದ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆ ಅಂದಿದ್ದಾಳೆ. ಇದರಲ್ಲಿ ಬದಲಾವಣೆ ಇಲ್ಲ.

ಮದುವೆಗೆ ಮುಂಚೆ ಅವರ ಮನೆಗೆ ಹೋದಾಗ ಅವರು ನನಗೆ ಕೇಳಿದ ಮೊದಲ ಮಾತು, “ನಿನಗೆ ಹದಿನೇಳರ ಮಗ್ಗಿ ಬರುತ್ತಾ?” ಅಂತ. “ನಾನು ಕೆಲಸ ಮಾಡೋ ಬಟ್ಟೆ ಒಗೆಯೋ ಅಂಗಡೀಲಿ ಅದು ಇದುವರೆಗೂ ಬೇಕಾಗಿಲ್ಲ” ಅಂದಿದ್ದೆ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಜೂನ್ ೨೩

ಮಳೆಮೋಡ. ನೋಡಲು ಏನೂ ಇಲ್ಲ, ಬರೀ ಬಿಳಿ.

ಅರ್ವೋನ ಅಪ್ಪ ಮಂಚದ ಮೇಲೆ ಕೂತು ಏನೋ ಗುನುಗುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಊಟ ಮಾಡುತ್ತಾ ಕೂಡ. ಮೊದಲು ಪ್ರಾರ್ಥನೆ ಅಂದುಕೊಂಡು ಸುಮ್ಮನಿದ್ದೆ. ಇವತ್ತು ಕಿವಿಗೊಟ್ಟು ಕೇಳಿದೆ. ಪ್ರಾರ್ಥನೆ ಅಲ್ಲ, ಅಂಕಿಗಳು. ಐನೂರ ಎಪ್ಪತ್ತಾರು, ನಾನೂರ ಅರವತ್ತು, ಏಳುನೂರ ಐವತ್ತೆರಡು, ಹೀಗೆ ಮೂರುಮೂರಾಗಿ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ನೀರು ತರುವ ನೆಪ ಮಾಡಿಕೊಂಡು ಕೆಳಗಿನ ಒರತೆಗೆ ಇಳಿದೆ. ತುಂಬಿದ ಕೊಡ ಇದ್ದೇ ಇತ್ತು.

ಜೂನ್ ೩೦

ಕೊನೆಗೂ ಕೇಳಿಯೇಬಿಟ್ಟೆ, “ಅದೇನು ಲೆಕ್ಕ ನೀವು ದಿನಾ ಒಪ್ಪಿಸೋದು?”

ಅವರು ನನ್ನ ಕಡೆ ಮುಖ ತಿರುಗಿಸಿದರು. ಮೇಷ್ಟರಾಗಿದ್ದವರು, ಪ್ರಶ್ನೆ ಬಂದರೆ ಬೆನ್ನು ನೆಟ್ಟಗಾಗುತ್ತದೆ.

“ಎರಡನ್ನ ಎರಡರಿಂದ ಗುಣಿಸು. ಬಂದಿದ್ದನ್ನ ಮತ್ತೆ ಎರಡರಿಂದ. ಹಾಗೇ ಐವತ್ತೊಂಬತ್ತು ಎರಡುಗಳನ್ನ ಗುಣಿಸಿ, ಕೊನೇಲಿ ಒಂದು ಕಳಿ. ಬರೋ ಸಂಖ್ಯೆ ಅದು.”

ಹೇಳಿಸಿ ಬರೆದುಕೊಂಡೆ. ೫೭೬ ೪೬೦ ೭೫೨ ೩೦೩ ೪೨೩ ೪೮೭. ಹಾಳೆಯ ಈ ತುದಿಯಿಂದ ಆ ತುದಿಗೆ.

“ಇದಕ್ಕೇನಾಗಬೇಕು ಈಗ?”

“ಇದು ಒಡೆಯುತ್ತಾ ಇಲ್ವಾ, ಗೊತ್ತಾಗಬೇಕು. ಯಾವುದಾದ್ರೂ ಚಿಕ್ಕ ಸಂಖ್ಯೆ ಇದನ್ನ ಶೇಷ ಉಳಿಸದೆ ಭಾಗಿಸುತ್ತಾ, ಇಲ್ಲ ಇದು ಅವಿಭಾಜ್ಯವಾ ಅಂತ.”

ಅವರೂ ಅರ್ವೋನೂ ಸೇರಿ ಮೂರು ಚಳಿಗಾಲ ಇದರ ಹಿಂದೆ ಬಿದ್ದಿದ್ದರಂತೆ. ನನ್ನ ಮದುವೆಗೆ ಮುಂಚಿನ ಚಳಿಗಾಲಗಳು. ಅರ್ವೋ ನನಗೆ ಒಂದು ಮಾತೂ ಹೇಳಿರಲಿಲ್ಲ. ನಗುತ್ತೇನೆ ಅಂದುಕೊಂಡನೋ ಏನೋ. ನಗುತ್ತಿದ್ದೆ.

“ಇದನ್ನ ಇಷ್ಟು ಹೊತ್ತಿಗೆ ಯಾರೂ ನೋಡಿಲ್ವಾ, ದೊಡ್ಡ ದೊಡ್ಡ ಊರಲ್ಲಿ?”

“ನೋಡಿರ್ತಾರೆ. ಯಾವುದೋ ಪುಸ್ತಕದಲ್ಲಿ ಉತ್ತರ ಇದ್ದೇ ಇರುತ್ತೆ. ಆ ಪುಸ್ತಕ ತೆಗೆಯೋದಿಲ್ಲ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ವಿ.”

“ಇದೊಳ್ಳೆ ಕಥೆ. ಬಾವಿ ಮುಂದೆ ನಿಂತು ನೀರಿಗೆ ಇನ್ನೊಂದು ಬಾವಿ ತೋಡೋದು.”

“ಹೌದು” ಅಂದರು. ಸಿಟ್ಟಾಗಲಿಲ್ಲ. “ಅರ್ವೋ ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸ್ತಾ ಒಂದು ಲಕ್ಷ ದಾಟಿ ಸ್ವಲ್ಪ ಮುಂದೆ ನಿಲ್ಲಿಸಿದ್ದಾನೆ. ನಡುವೆ ನಿಂತಿದೆ.”

ಜುಲೈ ೩

ಅವರ ಬಾಯಿ ಮುಚ್ಚಿಸಲು ಒಂದು ಭಾಗಾಕಾರ ಮಾಡಿಕೊಡುತ್ತೇನೆ ಅಂದೆ. ಕಣ್ಣಿಲ್ಲದೆ ಅವರಿಗೆ ಬರೆಯಲು ಆಗದು. ಹದಿನೆಂಟು ಅಂಕಿಯ ಸಂಖ್ಯೆಯನ್ನು ತಲೆಯಲ್ಲೇ ಭಾಗಿಸುವುದು ಅವರಿಗೂ ಆಗದು.

ಯಾವ ಸಂಖ್ಯೆಯಿಂದ ಬೇಕಾದರೂ ಭಾಗಿಸಿ ನೋಡಬೇಕಿಲ್ಲವಂತೆ. ಇದನ್ನು ಒಡೆಯುವ ಸಂಖ್ಯೆ ಇದ್ದರೆ ಅದು ನೂರಹದಿನೆಂಟರ ಮಗ್ಗಿಯಲ್ಲಿ ಬಂದದ್ದಕ್ಕೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಅದರಲ್ಲೂ ಅರ್ಧ ಬೇಡ. ಉಳಿದ ಅರ್ಧದಲ್ಲಿ ಮೂರು, ಐದು, ಏಳು, ಹನ್ನೊಂದು ಇಂಥವುಗಳಿಗೆ ಸಿಕ್ಕಿ ಒಡೆಯುವವೂ ಬೇಡ. ಆ ಜರಡಿ ಹಿಡಿಯುವ ಕೆಲಸ ಅವರದು, ತಲೆಯಲ್ಲೇ. ಕೊನೆಗೆ ಉಳಿದದ್ದನ್ನು ನನಗೆ ಹೇಳುತ್ತಾರೆ.

ಹವಾಮಾನದ ಹಾಳೆಯ ಹಿಂಬದಿಯಲ್ಲಿ ಮಾಡಿದೆ. ಸಂಜೆಯಾಯಿತು. ಶೇಷ ಓದಿ ಹೇಳಿದೆ. ಮೇಲಿನಿಂದ ಕೆಳಗಿನವರೆಗೆ ಅಂಕಿಗಳನ್ನು ಓದಿಸಿ, ಅವನ್ನು ಕೂಡಿಸಿ ಒಂಬತ್ತು ಒಂಬತ್ತು ಕಳೆಯುತ್ತಾ ತಾಳೆ ನೋಡಿ, “ತಪ್ಪಾಗಿದೆ” ಅಂದರು.

“ಎಲ್ಲಿ?”

“ಎಲ್ಲಿ ಅಂತ ಈ ಲೆಕ್ಕಕ್ಕೆ ಗೊತ್ತಾಗೋದಿಲ್ಲ. ಎಲ್ಲೋ ಆಗಿದೆ.”

ಹಾಳೆ ಮುದುರಿ ಒಲೆಗೆ ಹಾಕಿದೆ.

ಜುಲೈ ೪

ಬೆಳಿಗ್ಗೆ ಅದನ್ನೇ ಮತ್ತೆ ಮಾಡಿದೆ. ಅವರು ಕೇಳಲಿಲ್ಲ, ನಾನೇ ಕೂತೆ. ಸರಿ ಬಂತು. ಒಡೆಯಲಿಲ್ಲ.

ಇವತ್ತು ದೇಶದ ಸ್ವಾತಂತ್ರ್ಯದ ಹಬ್ಬ. ಮಿಸೆಸ್ ಗಟ್ರಿ ಫೋನಿನಲ್ಲಿ ಎಲ್ಲ ಗೋಪುರದವರಿಗೂ ಬ್ಯಾಂಡು ಕೇಳಿಸಿದರು. ಕೊಳವೆಯೊಳಗೆ ಕೋಳಿ ಕೂಗಿದ ಹಾಗಿತ್ತು.

ಜುಲೈ ೧೨

ಒಂದು ಉಪಾಯ ಹೊಳೆಯಿತು. ಭಾಗಿಸಲು ಕೂರುವ ಮುಂಚೆ ಭಾಜಕದ ಮಗ್ಗಿಯನ್ನು ಒಂದರಿಂದ ಒಂಬತ್ತರವರೆಗೆ ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡರೆ ಆಮೇಲೆ ಗುಣಿಸುವ ತಂಟೆಯೇ ಇಲ್ಲ. ಬರೀ ನೋಡಿ ಕಳೆಯುವುದು. ಅರ್ಧಕ್ಕರ್ಧ ಹೊತ್ತು ಉಳಿಯುತ್ತದೆ, ತಪ್ಪೂ ಕಡಿಮೆ.

ಅರ್ವೋನ ಅಪ್ಪನಿಗೆ ಹೇಳಿದೆ. “ಅವನು ಹೀಗೆ ಮಾಡ್ತಿರಲಿಲ್ಲ. ಪ್ರತಿ ಸಲ ಹೊಸದಾಗಿ ಗುಣಿಸ್ತಿದ್ದ” ಅಂದರು.

“ನೀವು ಯಾಕೆ ಹೇಳಿಕೊಡಲಿಲ್ಲ?”

“ನನಗೂ ಹೊಳೆದಿರಲಿಲ್ಲ.”

ಮಧ್ಯಾಹ್ನ ಸಿಡಿಲು. ಸಿಡಿಲನ್ನು ನೆಲಕ್ಕೆ ಸಾಗಿಸಲು ಗೋಪುರದ ಮೂಲೆಗಳಲ್ಲಿ ಇಳಿಬಿಟ್ಟ ತಂತಿಗಳು ನೀಲಿಯಾಗಿ ಝಿಂಯ್ ಅಂದವು. ನಿಯಮದ ಪ್ರಕಾರ ನಾನು, ಸಿಡಿಲು ಮೈಗೆ ಹರಿಯದ ಹಾಗೆ ಗಾಜಿನ ಕಾಲು ಹಾಕಿದ ಸ್ಟೂಲಿನ ಮೇಲೆ ನಿಂತು ಎಲ್ಲಿ ಬಡಿಯಿತು ಅಂತ ಗುರುತು ಹಾಕಬೇಕು. ಸ್ಟೂಲು ಒಂದೇ. ಅವರಿಗೆ ಮಂಚದ ಮೇಲೆ ಕಾಲು ಮಡಚಿ ಕೂರಲು ಹೇಳಿದೆ. ಮೊದಲ ಸಿಡಿಲಿಗೆ ಸಂಖ್ಯೆ ಒಪ್ಪಿಸಲು ಶುರುಮಾಡಿದರು. ಬೇಡ ಅನ್ನಿಸಲಿಲ್ಲ. ಕೊನೆಯ ನಾನೂರ ಎಂಬತ್ತೇಳನ್ನು ನಾನೂ ಹೇಳಿದೆ.

ಜುಲೈ ೨೦

ಓರ್ವಿಲ್ ಬಂದಿದ್ದ. ಒಣಮೀನು, ರೈ ರೊಟ್ಟಿ, ಡಬ್ಬಿಹಾಲು ತಂದ. ಮೇಜಿನ ಮೇಲಿನ ಹಾಳೆಗಳನ್ನು ನೋಡಿ, “ಏನು ಮೇಷ್ಟ್ರೇ, ಸೊಸೇನ ಸ್ಕೂಲಿಗೆ ಹಾಕಿದೀರಾ? ಪಾಸಾಗ್ತಾಳಾ?” ಅಂದ.

“ಮಾರ್ಕು ಕೊಡೋಕೆ ನನಗೆ ಅಧಿಕಾರ ಇಲ್ಲ” ಅಂದರು ಅವರು. “ನಿನ್ನ ಕತ್ತೆಗಳು ಹೇಗಿವೆ?”

“ಲೆಕ್ಕ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತೆ ಅವಕ್ಕೆ.”

ಅವನು ಹೋದ ಮೇಲೆ, ಭಾಗಿಸುತ್ತಾ ಭಾಗಿಸುತ್ತಾ, ಒಂದು ಯೋಚನೆ ಬಂದು ತಲೆಯಲ್ಲಿ ಕೂತುಬಿಟ್ಟಿತು. ಹಿಮ ಬೀಳುವುದರೊಳಗೆ ಇದು ಒಡೆದರೆ ಅರ್ವೋ ಬದುಕಿದ್ದಾನೆ. ಒಡೆಯದಿದ್ದರೆ ಇಲ್ಲ. ಮನಸ್ಸಲ್ಲೇ ಇಟ್ಟುಕೊಳ್ಳಬೇಕಿತ್ತು, ಊಟದ ಹೊತ್ತಿಗೆ ಬಾಯಿ ತಪ್ಪಿ ಬಂತು.

ಅವರು ಚಮಚ ಕೆಳಗಿಟ್ಟರು. “ಹಾಗೆ ಪಣ ಕಟ್ಟಬೇಡ.”

“ನನ್ನ ಪಾಡಿಗೆ ನಾನು ಕಟ್ಟಿಕೊಂಡರೆ ನಿಮಗೇನು?”

“ಆ ಸಂಖ್ಯೆಗೆ ನಾವು ಯಾರು ಅಂತ ಗೊತ್ತಿಲ್ಲಮ್ಮ. ಅದು ಒಡೆಯೋದಿದ್ರೆ ಆಗಲೇ ಒಡೆದಿದೆ. ನಾವು ಹುಟ್ಟೋಕೆ ಮುಂಚೆ, ಈ ಗುಡ್ಡ ಹುಟ್ಟೋಕೆ ಮುಂಚೆ. ನಾವು ಇನ್ನೂ ನೋಡಿಲ್ಲ, ಅಷ್ಟೆ. ನೀನು ಎಷ್ಟು ಅತ್ತರೂ ಅದು ಒಂದು ಅಂಕಿ ಆಕಡೆ ಈಕಡೆ ಆಗೋದಿಲ್ಲ. ಅದಕ್ಕೇ ನಾನು ಅದಕ್ಕೆ ಒರಗಿಕೊಂಡಿರೋದು.”

“ಅರ್ವೋನ ವಿಷಯಾನೂ ಹಾಗೇನಾ? ಆಗಲೇ ಆಗಿಹೋಗಿದೆ, ನಾವು ನೋಡಿಲ್ಲ ಅಷ್ಟೇನಾ?”

ಅವರು ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಹೌದು” ಅಂದರು. “ಅದಕ್ಕೇ ಬೇಡ ಅಂದೆ.”

ನನ್ನ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ ತೊಳೆದೆ. ಇಷ್ಟು ಕಲ್ಲು ಮನಸ್ಸಿನ ಮನುಷ್ಯ ಅಂತ ಬೈದುಕೊಂಡೆ. ಆಮೇಲೆ ನೋಡಿದರೆ ಅವರೂ ಊಟ ಅರ್ಧಕ್ಕೆ ಬಿಟ್ಟಿದ್ದರು.

ಜುಲೈ ೨೯

ಬರೆಯಲು ನಾಚಿಕೆ. ಆದರೂ ಬರೆದಿಡುತ್ತೇನೆ.

ಮಧ್ಯಾಹ್ನ ಭಾಗಾಕಾರದಲ್ಲಿ ಮುಳುಗಿದ್ದೆ. ಅವರು, “ಎಲ್ಮಾ, ಗಾಳಿ ಬದಲಾಗಿದೆ. ಏನೋ ಸುಡ್ತಿದೆ” ಅಂದರು. ಕಾಫಿ ಪಾತ್ರೆ ಇರಬೇಕು ಅಂದುಕೊಂಡು ತಲೆ ಎತ್ತಿದೆ. ತೆಂಕಣ ಕಣಿವೆಯಲ್ಲಿ ಹೊಗೆ ಆಗಲೇ ಕಂಬವಾಗಿ ನಿಂತಿತ್ತು. ಆಗಷ್ಟೇ ಹುಟ್ಟಿದ ಹೊಗೆಯಲ್ಲ ಅದು. ನಾನು ಒಂದು ಶೇಷಕ್ಕೋಸ್ಕರ ಕೂತಿದ್ದಷ್ಟು ಹೊತ್ತೂ ಬೆಳೆದ ಹೊಗೆ.

ದಿಕ್ಕು ಹಿಡಿದು ಫೋನ್ ಮಾಡಿದೆ. ಮಿಸೆಸ್ ಗಟ್ರಿ ಇನ್ನೊಂದು ಗೋಪುರದಿಂದ ಎರಡನೇ ದಿಕ್ಕು ತೆಗೆದುಕೊಂಡು, ಎರಡು ಗೆರೆ ಕೂಡಿದ ಕಡೆಗೆ ಆಳು ಕಳಿಸಿದರು. ಕತ್ತಲಾಗುವ ಹೊತ್ತಿಗೆ ಬೆಂಕಿಯನ್ನು ತೊರೆಯ ಆಚೆಗೇ ತಡೆದರು. ಒಬ್ಬನ ಕೈ ಸುಟ್ಟಿದೆ. ಹೆಸರು ಕೇಳಿದೆ, ಮಿಸೆಸ್ ಗಟ್ರಿ ಹೇಳಲಿಲ್ಲ.

“ನೀನು ತಡಮಾಡಿದ್ಯಾ ಅಂತ ನಾನು ಕೇಳೋದಿಲ್ಲ” ಅಂದರು. “ನೀನು ಕೇಳಿಕೊಂಡಿರ್ತೀಯ.”

ಹಾಳೆಗಳನ್ನೆಲ್ಲ ಕಟ್ಟಿ ಮಂಚದ ಕೆಳಗೆ ತಳ್ಳಿದೆ. ಇನ್ನು ಮುಟ್ಟುವುದಿಲ್ಲ.

ಆಗಸ್ಟ್ ೨

“ಮುಟ್ಟದೆ ಇರೋದು ಸುಲಭ” ಅಂದರು ಅರ್ವೋನ ಅಪ್ಪ. “ಮುಟ್ಟಿಯೂ ಕಾವಲು ಬಿಡದೆ ಇರೋದು ಕಷ್ಟ. ಎರಡನ್ನೂ ಮಾಡು.”

“ಹೇಗೆ?”

“ಭಾಗಲಬ್ಧದಲ್ಲಿ ಒಂದೊಂದು ಅಂಕಿ ಬರೆದಾಗಲೂ ಎದ್ದು ನಿಲ್ಲು. ನಾಲ್ಕೂ ಕಿಟಕಿಗೆ ಹೋಗು. ನೋಡಿದ್ದನ್ನ ನನಗೆ ಬಾಯಿಬಿಟ್ಟು ಹೇಳು. ಹೇಳದೆ ಇದ್ರೆ ಮುಂದಿನ ಅಂಕಿ ಇಲ್ಲ.”

ಹಾಗೇ ಮಾಡಿದೆವು. “ಬಡಗಣಕ್ಕೆ ಏನಿಲ್ಲ. ಮೂಡಣಕ್ಕೆ ಮೋಡದ ನೆರಳು. ತೆಂಕಣಕ್ಕೆ ಸುಟ್ಟ ಜಾಗ, ಹೊಗೆ ಇಲ್ಲ. ಪಡುವಣಕ್ಕೆ ಹದ್ದು.” ಹದ್ದು ಎಷ್ಟು ದೊಡ್ಡದು, ಯಾವ ಕಡೆ ಹೋಗುತ್ತಿದೆ ಅಂತ ಕೇಳುತ್ತಾರೆ. ಹೇಳುತ್ತೇನೆ. ಮೊದಲಿಗಿಂತ ಈಗ ಕಾಡು ಚೆನ್ನಾಗಿ ಕಾಣುತ್ತದೆ, ಹೇಳಬೇಕಾಗಿರುವುದಕ್ಕೋ ಏನೋ.

ಒಡೆಯಲಿಲ್ಲ. ಒಂದು ಲಕ್ಷದ ನಲವತ್ತು ಸಾವಿರ ದಾಟಿದ್ದೇವೆ.

ಆಗಸ್ಟ್ ೧೨

ಓರ್ವಿಲ್‌ ಬರುವ ದಿನ ಅಲ್ಲ ಇವತ್ತು. ಕತ್ತೆಗಳಿಲ್ಲದೆ ಒಬ್ಬನೇ ಹತ್ತಿ ಬರುತ್ತಿದ್ದ. ಕೊನೆಯ ತಿರುವಿನಲ್ಲಿ ಟೋಪಿ ತೆಗೆದ. ಅಷ್ಟಕ್ಕೇ ನನಗೆ ಗೊತ್ತಾಯಿತು. ಮೆಟ್ಟಿಲು ಇಳಿದು ಕೆಳಗೇ ನಿಂತೆ.

“ಗಟ್ರಿಯಮ್ಮ ಫೋನಲ್ಲಿ ಹೇಳೋದಿಲ್ಲ ಅಂದ್ರು. ಕೂತ್ಕೋ ಎಲ್ಮಾ.”

“ನಿಂತೇ ಕೇಳ್ತೀನಿ.”

ಹೇಳಿದ. ಫೆಬ್ರವರಿಯಲ್ಲೇ ಆಗಿದ್ದಂತೆ. ಕಾಣೆಯಾದ ದಿನವೇ. ಈಗ ಗುರುತು ಸಿಕ್ಕಿದೆಯಂತೆ.

ಫೆಬ್ರವರಿಯಲ್ಲೇ. ನಾವು ನೋಡಿರಲಿಲ್ಲ, ಅಷ್ಟೆ.

ಮೇಲೆ ಹೋಗಿ ಮಾವನಿಗೆ ನಾನೇ ಹೇಳಿದೆ. ಓರ್ವಿಲ್‌ನನ್ನು ಹೇಳಲು ಬಿಡಲಿಲ್ಲ.

ಆಗಸ್ಟ್ ೧೩

ಬೇರೆಯವರನ್ನು ಕಳಿಸುತ್ತೇವೆ, ನೀವಿಬ್ಬರೂ ಇಳಿದು ಬನ್ನಿ ಅಂತ ಠಾಣೆಯಿಂದ ಹೇಳಿದರು. ಬರುವುದಿಲ್ಲ ಅಂದೆ. ಕಾಡು ಒಣಗಿ ಗರಿಗರಿ ಆಗಿದೆ. ಹೊಸಬರಿಗೆ ಇಲ್ಲಿನ ಕಣಿವೆಗಳ ಹೆಸರು ಕಲಿಯುವುದಕ್ಕೇ ವಾರ ಬೇಕು.

ಬಡಗಣಕ್ಕೆ ಏನಿಲ್ಲ. ಮೂಡಣಕ್ಕೆ ಏನಿಲ್ಲ. ತೆಂಕಣಕ್ಕೆ ಏನಿಲ್ಲ. ಪಡುವಣಕ್ಕೆ ಏನಿಲ್ಲ.

ಆಗಸ್ಟ್ ೧೯

ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳುತ್ತಿಲ್ಲ. ಕಾಫಿ ಕೊಟ್ಟರೆ ಎರಡು ಗುಟುಕು. ರೊಟ್ಟಿ ಕೊಟ್ಟರೆ ಹಾಗೇ ಇಟ್ಟುಬಿಡುತ್ತಾರೆ. ಸಂಖ್ಯೆ ಒಪ್ಪಿಸುವುದೂ ನಿಂತಿದೆ. ಕೋಣೆ ಎಷ್ಟು ಸದ್ದಿಲ್ಲದೆ ಇರಬಹುದು ಅಂತ ಈಗ ಗೊತ್ತಾಗುತ್ತಿದೆ.

ನಿನ್ನೆ, “ಮುಂದಿನ ಸಂಖ್ಯೆ ಯಾವುದು ಹೇಳಿ” ಅಂದೆ.

“ಸಾಕು ಬಿಡು. ಯಾರಿಗೋಸ್ಕರ ಅದು ಇನ್ನು.”

ಇವತ್ತು ಬೆಳಿಗ್ಗೆ ನಾನೇ ನೂರಹದಿನೆಂಟನ್ನು ಕೂಡಿಸುತ್ತಾ ಹೋಗಿ, ನನಗೆ ತೋಚಿದ ಹಾಗೆ ಜರಡಿ ಹಿಡಿದು, ಒಂದನ್ನು ಆರಿಸಿಕೊಂಡು ಕೂತೆ. ಬಾಯಿಬಿಟ್ಟು ಹೇಳುತ್ತಾ ಹೇಳುತ್ತಾ ಮಾಡಿದೆ. ಮಂಚದಿಂದ ಉಸಿರೂ ಇಲ್ಲ. ಆಗ ನನಗೆ ಹಟ ಬಂತು. ಬೇಕೆಂದೇ ತಪ್ಪು ಹೇಳಿದೆ.

“ಏಳೇಳ್ಲ ನಲವತ್ತೆಂಟು.”

ಸದ್ದಿಲ್ಲ.

“ಏಳೆಂಟ್ಲ ಐವತ್ತೈದು. ಏಳೊಂಬತ್ಲ ಅರವತ್ತೆರಡು.”

“ಅರವತ್ತಮೂರು” ಅಂತು ಗೋಡೆ.

“ಅರವತ್ತೆರಡು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ರು.”

“ನಿಮ್ಮ ಮೇಷ್ಟ್ರನ್ನ ಗಣಿಗೆ ತಳ್ಳಬೇಕು.”

“ಆರೊಂಬತ್ಲ ಐವತ್ತಮೂರು.”

“ಎಲ್ಮಾ, ನನಗೆ ಗೊತ್ತು ನೀನು ಏನು ಮಾಡ್ತಿದೀಯ ಅಂತ.”

“ಗೊತ್ತಿದ್ರೆ ಎದ್ದು ಕೂತು ಸರಿಮಾಡಿ. ನಾನು ಆರಿಸಿರೋ ಈ ಸಂಖ್ಯೆ ಸರಿಯೋ ತಪ್ಪೋ ಅದೂ ಗೊತ್ತಿಲ್ಲ.”

“ಯಾವುದು?”

ಹೇಳಿದೆ. ತಲೆಯಲ್ಲೇ ಭಾಗಿಸಿ ನೋಡಿ, “ಅದು ಹದಿಮೂರಕ್ಕೆ ಒಡೆಯುತ್ತೆ. ಬೆಳಗಿಂದ ಮಾಡಿದ್ದೆಲ್ಲ ದಂಡ” ಅಂದರು. ಆಮೇಲೆ ಎದ್ದು ಕೂತರು. ಕೂದಲು ಒಂದು ಕಡೆ ಕೆದರಿ ನಿಂತಿತ್ತು, ಬಾಚಿದೆ. ಬಟಾಣಿ ಗಂಜಿ ಬಿಸಿ ಮಾಡಿ ಕೊಟ್ಟೆ, ಪೂರ್ತಿ ಕುಡಿದರು.

ಕುಡಿದ ಮೇಲೆ ಅತ್ತರು. ನಾನೂ. ಅರ್ವೋ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತಿದ್ದು ಇವತ್ತೇ. ನಡುವೆ ಎದ್ದು ಹೋಗಿ ನಾಲ್ಕು ಕಿಟಕಿಯಲ್ಲೂ ನೋಡಿ ಬಂದೆ.

ಆಗಸ್ಟ್ ೨೬

ಗುಡ್ಡದ ಪಡುವಣದ ಇಳಿಜಾರಿನಲ್ಲಿ ಹಕಲ್‌ಬೆರಿ ಪೊದೆಗಳಲ್ಲಿ ಕಾಯಿ ಹಣ್ಣಾಗಿದೆ. ಮಾವನನ್ನು ಕೈ ಹಿಡಿದು ಇಳಿಸಿಕೊಂಡು ಹೋದೆ. ಗೋಪುರ ಕಣ್ಣಿಗೆ ಬೀಳುವ ಕಡೆಯೇ ಕೂತು ಕಿತ್ತೆವು. ಮುಟ್ಟಿ ಮುಟ್ಟಿ ಹಣ್ಣಾದದ್ದು ಯಾವುದು ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ, ಹೇಳಿ ತಾವೇ ತಿನ್ನುತ್ತಾರೆ. ಡಬ್ಬಿ ತುಂಬಲೇ ಇಲ್ಲ.

ಅರ್ವೋ ಮಗುವಾಗಿದ್ದಾಗಿನ ಸುದ್ದಿ ಹೇಳಿದರು. ಮಲಗುವ ಮುಂಚೆ ಎರಡನ್ನು ಇಮ್ಮಡಿಸುತ್ತಾ ಹೋಗುತ್ತಿದ್ದನಂತೆ, ನಿದ್ದೆ ಬರುವವರೆಗೆ. ಒಂದು ದಿನ ನಿದ್ದೆಯೇ ಬರಲಿಲ್ಲವಂತೆ, ಹೆದರಿಕೊಂಡು ಎದ್ದು ಬಂದು, “ಅಪ್ಪಾ, ಇದು ನಿಲ್ಲೋದೇ ಇಲ್ವಾ?” ಅಂದನಂತೆ.

“ನೀವೇನಂದ್ರಿ?”

“ಇಲ್ಲ ಅಂದೆ. ಅವನಿಗೆ ಖುಷಿಯಾಯ್ತು. ಹೋಗಿ ಮಲಗಿದ.”

ನಾನು ಅವನ ನಿದ್ದೆಯ ಸುದ್ದಿ ಹೇಳಿದೆ. ಗೊರಕೆ ಹೊಡೆಯುತ್ತಿದ್ದದ್ದು, ಎಬ್ಬಿಸಿದರೆ ನಾನಲ್ಲ ಅನ್ನುತ್ತಿದ್ದದ್ದು. ಮಾವ ಎಷ್ಟು ನಕ್ಕರೆಂದರೆ ಹಣ್ಣಿನ ಡಬ್ಬಿ ಉರುಳಿತು.

ಅಕ್ಕನಿಗೆ ಕಾಗದ ಬರೆಯಬೇಕು. ನಾಳೆ.

ಸೆಪ್ಟೆಂಬರ್ ೧

ಒಂದು ಲಕ್ಷದ ಎಪ್ಪತ್ತು ಸಾವಿರ ದಾಟಿತು. ಒಡೆಯಲಿಲ್ಲ, ಒಡೆಯಲಿಲ್ಲ, ಒಡೆಯಲಿಲ್ಲ.

ಈಗ ಜರಡಿಯಲ್ಲೂ ಮಾವನಿಗೆ ಸಮಸಮ ಇದ್ದೇನೆ. ಇವತ್ತು ಅವರು ಹೇಳಿದ ಒಂದು ಸಂಖ್ಯೆ ಮೂವತ್ತೊಂದಕ್ಕೆ ಒಡೆಯುತ್ತದೆ ಅಂದೆ. ಒಪ್ಪಲಿಲ್ಲ. ಎರಡು ಸಲ ಲೆಕ್ಕ ಹಾಕಿ, “ಸರಿ” ಅಂದು, ಊಟದವರೆಗೂ ಮುಖ ಊದಿಸಿಕೊಂಡು ಕೂತಿದ್ದರು.

ಸೆಪ್ಟೆಂಬರ್ ೭

ನಿನ್ನೆ ೧,೭೯,೮೩೩. ಅದಕ್ಕೆ ಇಡೀ ದಿನ ಹೋಯಿತು, ಏಕೆಂದರೆ ಪಡುವಣದಲ್ಲಿ ಧೂಳು ಎದ್ದು ಅದು ಹೊಗೆಯೋ ಧೂಳೋ ಅಂತ ಮತ್ತೆ ಮತ್ತೆ ನೋಡಬೇಕಾಯಿತು. ಕುರಿಮಂದೆ. ಶೇಷ ಉಳಿಯಿತು.

ಇವತ್ತು ಬೆಳಿಗ್ಗೆ ನೆಲ ಬೆಳ್ಳಗಿತ್ತು. ಈ ವರ್ಷದ ಮೊದಲ ಹಿಮ, ಬೆರಳು ದಪ್ಪ. ಕಾಫಿ ಆದ ಮೇಲೆ ಮಾವ ಮುಂದಿನ ಸಂಖ್ಯೆ ಹೇಳಿದರು. ಹಿಂದಿನದಕ್ಕೆ ನೂರಹದಿನೆಂಟು ಕೂಡಿಸಿದರೆ ಬರುವುದೇ. ೧,೭೯,೯೫೧. ಜರಡಿಯಲ್ಲಿ ನಿಂತಿತು. ಮಗ್ಗಿ ಮೇಲೆ ಬರೆದುಕೊಂಡೆ.

ಹೊರಗೆ ಹಿಮ, ಸುಡಲು ಏನೂ ಇಲ್ಲ. ಆದರೂ ಅಂಕಿಗೊಂದು ಸಲ ಎದ್ದು ನಾಲ್ಕು ಕಿಟಕಿ ನೋಡಿ ಹೇಳಿದೆ. ಮೂರು, ಎರಡು, ಸೊನ್ನೆ, ಮೂರು, ನಾಲ್ಕು. ಹೀಗೇ ಸಾಗಿತು. ಕೊನೆಯ ಅಂಕಿ ಇಳಿಸಿಕೊಂಡಾಗ ಕೆಳಗೆ ೧೨,೫೯,೬೫೭ ಉಳಿದಿತ್ತು. ಎಷ್ಟು ಸಲ ಹೋಗುತ್ತದೆ ಅಂತ ಮಗ್ಗಿಯತ್ತ ಕಣ್ಣು ಎತ್ತಿದೆ. ಏಳರ ಸಾಲಿನಲ್ಲಿ ಅದೇ ಸಂಖ್ಯೆ ಕೂತಿತ್ತು. ೧೨,೫೯,೬೫೭. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಪೆನ್ಸಿಲು ಇಟ್ಟೆ. ಎದ್ದು ಬಡಗಣದ ಕಿಟಕಿಗೆ ಹೋದೆ. “ಬಡಗಣಕ್ಕೆ ಹಿಮ” ಅಂದೆ. ದನಿ ನನ್ನದಲ್ಲ ಅನ್ನಿಸಿತು.

“ಏನಾಯ್ತು?” ಅಂದರು ಮಾವ.

“ಮೂಡಣಕ್ಕೆ ಹಿಮ. ತೆಂಕಣಕ್ಕೆ ಹಿಮ. ಪಡುವಣಕ್ಕೆ ಹಿಮ. ಮಾವ, ಶೇಷ ಇಲ್ಲ.”

ಅವರು ಅಲ್ಲಾಡಲಿಲ್ಲ.

“ಹಿಂದಕ್ಕೆ ಗುಣಿಸು” ಅಂದರು.

ಹಿಂದಕ್ಕೆ ಗುಣಿಸಿದೆ. ಅವರು ಒಂಬತ್ತು ಕಳೆದು ನೋಡಿದರು. ಇನ್ನೊಮ್ಮೆ ಗುಣಿಸಿದೆ, ಈ ಸಲ ಬೇರೆ ಕ್ರಮದಲ್ಲಿ. ಬಂದದ್ದನ್ನು ಎಡದಿಂದ ಮೂರುಮೂರಾಗಿ ಓದಿದೆ. ಐನೂರ ಎಪ್ಪತ್ತಾರು, ನಾನೂರ ಅರವತ್ತು, ಏಳುನೂರ ಐವತ್ತೆರಡು, ಮುನ್ನೂರ ಮೂರು, ನಾನೂರ ಇಪ್ಪತ್ತಮೂರು. ಕೊನೆಯದನ್ನು ಅವರೇ ಹೇಳಿದರು.

ಆಮೇಲೆ ಅವರು ಕೈ ಚಾಚಿ, “ಹಾಳೆ ಕೊಡು” ಅಂದರು. ಕೊಟ್ಟೆ. ಅದರ ಮೇಲೆ ಬೆರಳಾಡಿಸಿದರು. ಪೆನ್ಸಿಲು ಒತ್ತಿ ಬರೆಯುವುದು ನನ್ನ ಅಭ್ಯಾಸ, ಅಂಕಿಗಳು ಬೆರಳಿಗೆ ಸಿಗುತ್ತವೆ. ಶೇಷದ ಸೊನ್ನೆಯ ಹತ್ತಿರ ಬಂದು ನಿಲ್ಲಿಸಿದರು.

“ಇಷ್ಟು ಹತ್ತಿರ ಇತ್ತು” ಅಂದರು. “ಇನ್ನೊಂದು ಚಳಿಗಾಲ ಸಿಕ್ಕಿದ್ರೆ ಅವನೇ ನೋಡ್ತಿದ್ದ.”

ಸಮಾಧಾನ ಹೇಳಲು ಹೋಗಲಿಲ್ಲ. ಅವರ ಪಕ್ಕ ಕೂತೆ.

ಪಣದ ಮಾತು ನೆನಪಾಯಿತು. ಹಿಮ ಬಿದ್ದ ದಿನವೇ ಒಡೆದಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಈಗ ನನಗೇ ಗೊತ್ತು.

ಸಂಜೆ ಮಿಸೆಸ್ ಗಟ್ರಿ ಎಂದಿನಂತೆ, “ಗ್ರೌಸ್ ಗುಡ್ಡ, ಏನಾದ್ರೂ ವಿಶೇಷ?” ಅಂದರು.

“ಹೊಗೆ ಇಲ್ಲ. ಹಿಮ ಬೆರಳು ದಪ್ಪ. ನಮ್ಮ ಮಾವನ ಸಂಖ್ಯೆ ಒಡೀತು.”

“ಅಯ್ಯೋ ಪಾಪ. ರಿಪೇರಿ ಆಗುತ್ತಾ?”

ಮಾವನಿಗೆ ಕೇಳಿಸಿತು. ಮಂಚದ ಮೇಲೆ ಉರುಳಾಡಿ ನಕ್ಕರು.

ಸೆಪ್ಟೆಂಬರ್ ೧೬

ಇಳಿಯುವ ದಿನ. ಓರ್ವಿಲ್ ಬೆಳಿಗ್ಗೆಯೇ ಬಂದು ಸಾಮಾನು ಹೇರುತ್ತಿದ್ದಾನೆ. ಕಿಟಕಿಗಳಿಗೆ ಹಲಗೆ ಬಡಿದಾಗಿದೆ, ಒಂದೇ ಬಾಕಿ. ಅದರ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಸಾಮಾನು ಕಟ್ಟುತ್ತಾ ಆ ಹಾಳೆ ಕೈಗೆ ಬಂತು. ಇಷ್ಟು ದಿನ ಚಿಕ್ಕ ಸಂಖ್ಯೆಯನ್ನೇ ನೋಡುತ್ತಿದ್ದೆವು. ಭಾಗಲಬ್ಧವೂ ಒಂದು ಸಂಖ್ಯೆಯೇ ಅನ್ನುವುದು ಈಗ ಕಣ್ಣಿಗೆ ಬಿತ್ತು. ಮೂರು ಲಕ್ಷ ಇಪ್ಪತ್ತು ಸಾವಿರ ಕೋಟಿಗೂ ಮೇಲಿನ ಸಂಖ್ಯೆ.

“ಇದೂ ಒಡೆಯುತ್ತಾ ಮಾವ?”

“ಗೊತ್ತಿಲ್ಲ.”

“ಇದಕ್ಕೂ ಅದೇ ನೂರಹದಿನೆಂಟರ ಮಗ್ಗೀನಾ?”

“ಅದೇ. ನಿಂತಲ್ಲಿಂದಲೇ ಮುಂದುವರಿಸಬೇಕು. ಆದರೆ ಖಾತ್ರಿಯಾಗಿ ಹೇಳಬೇಕು ಅಂದ್ರೆ ಹದಿನೆಂಟು ಲಕ್ಷದ ಹತ್ತಿರದವರೆಗೆ ಹೋಗಬೇಕಾಗುತ್ತೆ. ಇಲ್ಲೀತನಕ ಬಂದಿದ್ದರ ಹತ್ತರಷ್ಟು.” ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಒಂದು ಗುಂಡಿ ತಪ್ಪಿ ಮೇಲೆ ಹೋಗಿತ್ತು. “ಬಿಡು. ಎಷ್ಟೋ ಚಳಿಗಾಲದ ಕೆಲಸ ಅದು. ನೀನು ಸಿಯಾಟಲ್‌ಗೆ ಹೋಗೋಳು.”

ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ.

“ಬ್ಯೂಟ್ ಮನೇಲಿ ಚಳಿಗಾಲದಲ್ಲಿ ಯಾವ ಕಿಟಕಿಗೆ ಬೆಳಕು ಚೆನ್ನಾಗಿ ಬರುತ್ತೆ?”

ಅವರು ತಲೆ ಎತ್ತಿ ನನ್ನ ದನಿಯ ಕಡೆ ನೋಡಿದರು.

“ಅಡುಗೆಮನೇದು” ಅಂದರು. “ಮಧ್ಯಾಹ್ನ ಕಳೆಯೋವರೆಗೂ ಇರುತ್ತೆ.”

“ಹಾಗಾದ್ರೆ ಮೇಜು ಅಲ್ಲಿಗೆ ಎಳೀಬೇಕು. ಬಾಗಿಲಲ್ಲಿ ಹಿಡಿಯುತ್ತಾ?”

“ಕಾಲು ಬಿಚ್ಚಿದ್ರೆ ಹಿಡಿಯುತ್ತೆ.”

ಓರ್ವಿಲ್ ಕೆಳಗಿನಿಂದ ಕೂಗುತ್ತಿದ್ದಾನೆ, ಹಿಮ ಮತ್ತೆ ಶುರುವಾಗುವ ಮುಂಚೆ ಹೊರಡಬೇಕಂತೆ. ಮಾವ ಆಗಲೇ ಮೆಟ್ಟಿಲ ತುದಿಯಲ್ಲಿ ಕಟಾಂಜನ ಹಿಡಿದು ನಿಂತಿದ್ದಾರೆ. ಕೊನೆಯ ಹಲಗೆ ಬಡಿದು ಬರುತ್ತೇನೆ ಅಂದಿದ್ದೇನೆ.